ಮಣ್ಣಿನೊಳಗಿನ ಒಡವೆಯ ಕುಲಗೋತ್ರ

ಚಿನ್ನಕ್ಕೆ ಮುಪ್ಪಿಲ್ಲ. ಕಬ್ಬಿಣವು ನಾಲ್ಕು ಮಳೆಗಾಲ ಮಣ್ಣಿನಲ್ಲಿದ್ದರೆ ತುಕ್ಕಾಗಿ ಉದುರುತ್ತದೆ, ತಾಮ್ರಕ್ಕೆ ಹಸುರು ಕಿಲುಬು ಹಿಡಿಯುತ್ತದೆ, ಬೆಳ್ಳಿಯು ಕಪ್ಪಾಗುತ್ತದೆ. ಚಿನ್ನವಾದರೋ ಸಾವಿರ ವರ್ಷ ಹೂತಿದ್ದರೂ ತೊಳೆದೊಡನೆ ಮೊನ್ನೆ ಮಾಡಿದುದರಂತೆ ಹೊಳೆಯುತ್ತದೆ. ಈ ಗುಣಕ್ಕಾಗಿಯೇ ಮನುಷ್ಯನು ಅದನ್ನು ಮೆಚ್ಚಿ ಮೈಮೇಲೆ ಧರಿಸಿದನು. ಆದರೆ ಇದೇ ಗುಣವು ಇತಿಹಾಸವನ್ನು ಅರಸುವವನಿಗೆ ದೊಡ್ಡ ತೊಡಕಾಗಿದೆ. ಮುಪ್ಪೇ ಇಲ್ಲದ ವಸ್ತುವಿನ ವಯಸ್ಸನ್ನು ಹೇಳುವುದೆಂತು?

ಬೆಳ್ತಂಗಡಿ ತಾಲೂಕಿನ ಮುಂಡಾಜೆಯ ಕಡೆಯಲ್ಲಿ ಒಂದು ಅಡಿಕೆ ತೋಟವಿದೆಯೆಂದು ಭಾವಿಸೋಣ. ಬೇಸಗೆಯಲ್ಲಿ ಇಂಗುಗುಂಡಿ ತೋಡುತ್ತಿರುವಾಗ ಹಾರೆಯ ಮೊನೆಗೆ ಒಂದು ಮಡಕೆ ತಗಲುತ್ತದೆ. ಅದರೊಳಗೆ ಒಂದು ಜೊತೆ ಬಳೆ, ನಾಲ್ಕಾರು ಕಾಸು, ಕೆಂಪು ಕಲ್ಲಿನ ಒಂದು ಪದಕ. ಕೂಡಲೆ ಮೂರು ಪ್ರಶ್ನೆಗಳು ಏಳುತ್ತವೆ. ಇದು ಯಾರದು? ಯಾವ ಕಾಲದ್ದು? ಎಲ್ಲಿಂದ ಬಂದುದು? ಇವುಗಳಿಗೆ ಉತ್ತರ ಹುಡುಕುವ ಮೊದಲೇ ನಾಲ್ಕನೆಯ ಪ್ರಶ್ನೆಯೊಂದು ಮುಂದೆ ಬಂದು ನಿಲ್ಲುವುದುಂಟು: ಇದನ್ನು ಕರಗಿಸಿದರೆ ಎಷ್ಟು ಪವನು ಆದೀತು? ನಾಲ್ಕನೆಯದಕ್ಕೆ ಉತ್ತರ ದೊರೆತ ಮರುಕ್ಷಣವೇ ಮೊದಲಿನ ಮೂರಕ್ಕೆ ಉತ್ತರ ಶಾಶ್ವತವಾಗಿ ಇಲ್ಲವಾಗುತ್ತದೆ. ಮೂಸೆಯಲ್ಲಿ ಕರಗಿದ ಚಿನ್ನವು ತನ್ನ ಕಥೆಯನ್ನು ಮರೆತುಬಿಡುತ್ತದೆ. ಆದುದರಿಂದ ಆ ಮೂರು ಪ್ರಶ್ನೆಗಳಿಗೆ ವಿಜ್ಞಾನವು ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಹೂತಿಟ್ಟವರು ಯಾರು?

ನಮ್ಮ ನಾಡಿನಲ್ಲಿ ನಿಧಿಯ ಕಥೆಯಿಲ್ಲದ ಗುಡ್ಡೆಯಿಲ್ಲ. ನಿಧಿಯನ್ನು ಸರ್ಪವು ಕಾಯುವುದೆಂದೂ ಬಲಿಯನ್ನು ಬೇಡುವುದೆಂದೂ ಹೇಳುವವರುಂಟು. ಇವೆಲ್ಲ ಕಥೆಗಳು. ಆದರೆ ಜನರು ಒಡವೆಯನ್ನು ಮಣ್ಣಿನಲ್ಲಿ ಹೂತಿಡುತ್ತಿದ್ದುದು ಮಾತ್ರ ನಿಜ. ಬ್ಯಾಂಕುಗಳಿಲ್ಲದ ಕಾಲದಲ್ಲಿ ನೆಲವೇ ತಿಜೋರಿಯಾಗಿತ್ತು.

ಚಾರ್ಮಾಡಿ ಘಟ್ಟದ ಬುಡದಲ್ಲಿರುವ ಮುಂಡಾಜೆಯು ಕರಾವಳಿಗೂ ಘಟ್ಟದ ಮೇಲಿನ ಸೀಮೆಗೂ ನಡುವಣ ದಾರಿಯ ಮೇಲಿದೆ. ಸುತ್ತಲಿನ ಸೀಮೆಯನ್ನು ಬಂಗಾಡಿಯ ಬಂಗರು, ವೇಣೂರಿನ ಅಜಿಲರು, ಮೂಡಬಿದಿರೆಯ ಚೌಟರು ಆಳಿದರು. 1763ರಲ್ಲಿ ಹೈದರಾಲಿಯು ಕೆಳದಿಯ ರಾಜ್ಯವನ್ನು ಗೆದ್ದನು. ಬೆಳ್ತಂಗಡಿಯ ಸಮೀಪದ ಗಡಾಯಿಕಲ್ಲಿನ ಮೇಲೆ ಟಿಪ್ಪು ಸುಲ್ತಾನನು ಜಮಾಲಾಬಾದಿನ ಕೋಟೆಯನ್ನು ಕಟ್ಟಿಸಿದನು. 1799ರಲ್ಲಿ ಅದು ಇಂಗ್ಲಿಷರ ಕೈಸೇರಿತು. 1837ರಲ್ಲಿ ಅಮರಸುಳ್ಯದ ದಂಗೆ ಎದ್ದಿತು. ಇಂಥ ಒಂದೊಂದು ಗಲಭೆಯ ಕಾಲದಲ್ಲಿಯೂ ಮನೆಬಿಟ್ಟು ಓಡುವವರು ಒಡವೆಯನ್ನು ಮಡಕೆಗೆ ತುಂಬಿ ಹೂತಿಟ್ಟಿದ್ದರೆ ಆಶ್ಚರ್ಯವಿಲ್ಲ. ಹಿಂದಿರುಗಿ ಬಂದವರು ಅಗೆದು ತೆಗೆದುಕೊಂಡರು. ನಮಗೆ ಇಂದು ಸಿಕ್ಕುವುದು ಹಿಂದಿರುಗಿ ಬಾರದವರ ಒಡವೆ. ಸಿಕ್ಕವನಿಗೆ ಅದು ಭಾಗ್ಯವೆಂದು ತೋರಿದರೂ ಅದರ ಹಿಂದೆ ಯಾರದೋ ದುಃಖವಿದೆಯೆಂಬುದನ್ನು ಮರೆಯಬಾರದು.

ಲೋಹವನ್ನು ಕಾಣುವ ಯಂತ್ರ

ಈಗ ಕೆಲವರು ಲೋಹಶೋಧಕ ಯಂತ್ರವನ್ನು ಹಿಡಿದು ಹೊಲಗದ್ದೆಗಳಲ್ಲಿ ಅಡ್ಡಾಡುವುದುಂಟು. ಈ ಯಂತ್ರದ ತತ್ತ್ವವು ಸರಳವಾದುದು. ಒಂದು ತಂತಿಯ ಸುರುಳಿಯಲ್ಲಿ ಕ್ಷಣಕ್ಷಣಕ್ಕೂ ದಿಕ್ಕು ಬದಲಾಯಿಸುವ ವಿದ್ಯುತ್ತನ್ನು ಹರಿಯಿಸಿದರೆ ಅದರ ಸುತ್ತ ಬದಲಾಗುತ್ತಿರುವ ಕಾಂತಕ್ಷೇತ್ರವು ಉಂಟಾಗುತ್ತದೆ. ಆ ಕ್ಷೇತ್ರದೊಳಗೆ ಲೋಹದ ತುಂಡು ಇದ್ದರೆ ಅದರ ಮೈಯಲ್ಲಿ ನೀರಿನ ಸುಳಿಯಂತೆ ತಿರುಗುವ ವಿದ್ಯುತ್ಪ್ರವಾಹಗಳು ಹುಟ್ಟುತ್ತವೆ. ಈ ಸುಳಿಪ್ರವಾಹಗಳು ತಮ್ಮದೇ ಒಂದು ಕಾಂತಕ್ಷೇತ್ರವನ್ನು ಮರಳಿ ಕಳುಹಿಸುತ್ತವೆ. ಎರಡನೆಯ ಸುರುಳಿಯೊಂದು ಆ ಮರುದನಿಯನ್ನು ಹಿಡಿದು ಕಿವಿಗೆ ಕೇಳಿಸುತ್ತದೆ. ಇದಕ್ಕೆ ಆಧಾರವಾದ ವಿದ್ಯುತ್ಕಾಂತ ಪ್ರೇರಣೆಯನ್ನು ಫ್ಯಾರಡೆಯು ಕಂಡುಹಿಡಿದುದು 1831ರಲ್ಲಿ.

ಐವತ್ತು ವರ್ಷಗಳ ತರುವಾಯ, 1881ರಲ್ಲಿ, ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನಿಗೆ ಗುಂಡೇಟು ಬಿದ್ದಾಗ ಟೆಲಿಫೋನಿನ ಗ್ರಹಾಂಬೆಲ್ಲನು ಇಂಥದೊಂದು ಉಪಕರಣವನ್ನು ರಚಿಸಿ ದೇಹದೊಳಗಿನ ಗುಂಡನ್ನು ಹುಡುಕಹೊರಟನು. ಹಾಸಿಗೆಯಲ್ಲಿದ್ದ ಉಕ್ಕಿನ ಸುರುಳಿಗಳು ಅಡ್ಡಬಂದವು. ಗುಂಡು ಇಲ್ಲದ ಬದಿಯನ್ನೇ ವೈದ್ಯನು ಪರೀಕ್ಷಿಸಗೊಟ್ಟನು. ಪ್ರಯತ್ನವು ಸಫಲವಾಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಕೊಸಾಟ್ಸ್ಕಿಯೆಂಬ ಪೋಲೆಂಡಿನ ಸೇನಾಧಿಕಾರಿಯು ನೆಲಬಾಂಬುಗಳನ್ನು ಹುಡುಕುವ, ಕೈಯಲ್ಲಿ ಹಿಡಿಯಬಹುದಾದ ಯಂತ್ರವನ್ನು ನಿರ್ಮಿಸಿದನು. 1942ರ ಎಲ್ ಅಲಮೇನ್ ಕಾಳಗದಲ್ಲಿ ಅದು ಸಾವಿರಾರು ಪ್ರಾಣಗಳನ್ನು ಉಳಿಸಿತು. ಇಂದಿನ ಯಂತ್ರಗಳೆಲ್ಲ ಅದರ ವಂಶಜರೇ.

ಈ ಯಂತ್ರದ ಮಿತಿಗಳನ್ನು ವಾಚಕರು ಚೆನ್ನಾಗಿ ತಿಳಿಯಬೇಕು. ಸುರುಳಿಯ ಕ್ಷೇತ್ರವು ದೂರ ಹೋದಂತೆ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಲೋಹದಿಂದ ಹೊರಟ ಮರುದನಿಯೂ ಹಿಂದಿರುಗುವಾಗ ಅಷ್ಟೇ ಕುಗ್ಗುತ್ತದೆ. ಹೀಗಾಗಿ ಒಂದು ಸಣ್ಣ ಉಂಗುರವು ಎರಡರಷ್ಟು ಆಳಕ್ಕೆ ಹೋದರೆ ಅದರ ಸದ್ದು ಅರ್ಧವಾಗುವುದಲ್ಲ, ಸುಮಾರು 64ರಲ್ಲಿ ಒಂದು ಪಾಲಾಗುತ್ತದೆ. ನಾಣ್ಯದಷ್ಟು ದೊಡ್ಡ ವಸ್ತುವನ್ನು ಒಂದಡಿಯ ಆಸುಪಾಸಿನಲ್ಲಿ ಕಂಡುಹಿಡಿದರೆ ಅದೇ ದೊಡ್ಡದು. ಐವತ್ತು ಅಡಿ ಆಳದ ಚಿನ್ನವನ್ನು ತೋರಿಸುವೆನೆಂದು ಯಂತ್ರ ಮಾರುವವನು ಭೌತಶಾಸ್ತ್ರವನ್ನು ಮಾರುತ್ತಿಲ್ಲ. ಕೊಳ್ಳುವವನ ಆಸೆಯನ್ನು ಮಾರುತ್ತಿದ್ದಾನೆ. ಚಿನ್ನದ ತೆಳುವಾದ ಸರವಂತೂ ಬಹಳ ಕಷ್ಟ. ಅದರ ಕೊಂಡಿಗಳು ಒಂದಕ್ಕೊಂದು ಸಡಿಲವಾಗಿ ತಗಲಿಕೊಂಡಿರುವುದರಿಂದ ಸುಳಿಪ್ರವಾಹವು ಒಂದೊಂದು ಕೊಂಡಿಯೊಳಗೇ ಸುತ್ತಿ ಕ್ಷೀಣಿಸುತ್ತದೆ.

ಇದಲ್ಲದೆ ನಮ್ಮ ಜಿಲ್ಲೆಯ ನೆಲವೇ ಯಂತ್ರಕ್ಕೆ ಎದುರಾಳಿ. ಮುಂಡಾಜೆಯಿಂದ ಮಂಗಳೂರಿನವರೆಗೆ ನಾವು ಮನೆ ಕಟ್ಟುವ ಮುರಕಲ್ಲನ್ನೇ ನೋಡಿರಿ. 1800ರಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್ನನು, ಇಟ್ಟಿಗೆಯನ್ನು ಹೇಳುವ ಲ್ಯಾಟಿನ್ ಶಬ್ದದಿಂದ, ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನು ತನ್ನ 1807ರ ಗ್ರಂಥದಲ್ಲಿ ಕೊಟ್ಟನು. ಯುಗಯುಗಗಳ ಮಳೆಯು ಕಲ್ಲಿನ ಉಳಿದ ಸತ್ತ್ವವನ್ನೆಲ್ಲ ತೊಳೆದೊಯ್ದು ಕಬ್ಬಿಣ, ಅಲ್ಯುಮಿನಿಯಮ್‌ಗಳ ಆಕ್ಸೈಡುಗಳನ್ನು ಉಳಿಸಿದುದರ ಫಲವೇ ಈ ಕೆಂಪುಕಲ್ಲು. ಇದರಲ್ಲಿ ಕಾಂತಗುಣವುಳ್ಳ ಮ್ಯಾಗ್‌ಹೀಮೈಟಿನ ಅತಿ ಸೂಕ್ಷ್ಮ ಕಣಗಳಿದ್ದರೆ ಅವು ಸುರುಳಿಯ ಕ್ಷೇತ್ರಕ್ಕೆ ತುಸು ತಡವಾಗಿ ಪ್ರತಿಕ್ರಿಯೆ ತೋರುತ್ತವೆ. ಲೋಹದ ಮರುದನಿಯೂ ತಡವಾಗಿಯೇ ಬರುವುದು. ಆದುದರಿಂದ ಯಂತ್ರವು ಕಲ್ಲನ್ನು ಲೋಹವೆಂದೂ ಲೋಹವನ್ನು ಕಲ್ಲೆಂದೂ ಭ್ರಮಿಸುವುದುಂಟು. ನಮ್ಮ ನಾಡಿನಲ್ಲಿ ಹಳೆಯ ಒಡವೆಗಳು ಯಂತ್ರಕ್ಕಿಂತ ಹೆಚ್ಚಾಗಿ ಹಾರೆ ಪಿಕ್ಕಾಸುಗಳಿಗೇ ದೊರೆಯುತ್ತಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಚೆಂಗಳಾಯಿಯ ಮಡಕೆ

ಇದಕ್ಕೆ ಒಳ್ಳೆಯ ನಿದರ್ಶನವು ಕಾಸರಗೋಡಿನಾಚೆಯ ಕಣ್ಣೂರು ಜಿಲ್ಲೆಯಿಂದ ಬಂದಿದೆ. 2024ರ ಜುಲೈ ತಿಂಗಳಲ್ಲಿ ಚೆಂಗಳಾಯಿ ಪಂಚಾಯತಿನ ಪರಿಪ್ಪಾಯಿಯಲ್ಲಿ ಉದ್ಯೋಗಖಾತರಿ ಯೋಜನೆಯ ಹೆಣ್ಣಾಳುಗಳು ಒಂದು ರಬ್ಬರು ತೋಟದಲ್ಲಿ ಇಂಗುಗುಂಡಿ ತೋಡುತ್ತಿದ್ದರು. ಸುಮಾರು ಒಂದು ಮೀಟರು ಆಳದಲ್ಲಿ ಒಂದು ಪಾತ್ರೆ ಕಾಣಿಸಿತು. ಬಾಂಬಿರಬಹುದೆಂದು ಅವರು ಮೊದಲು ಅಂಜಿದರು. ಅದು ಒಡೆದಾಗ ಹೊರಬಿದ್ದುದು 17 ಮುತ್ತಿನ ಮಣಿಗಳು, 13 ಚಿನ್ನದ ಪದಕಗಳು, ಕಾಸಿನ ಸರದ ಬಿಲ್ಲೆಗಳು, 5 ಉಂಗುರಗಳು, ಕಿವಿಯ ಆಭರಣ ಮತ್ತು ಅನೇಕ ಬೆಳ್ಳಿಯ ನಾಣ್ಯಗಳು. ಆ ಹೆಂಗಸರು ಅದನ್ನು ಹಂಚಿಕೊಳ್ಳಲಿಲ್ಲ. ಪಂಚಾಯತಿಗೂ ಪೋಲೀಸರಿಗೂ ತಿಳಿಸಿದರು. ಅವರ ಆ ಪ್ರಾಮಾಣಿಕತೆಯಿಂದಲೇ ಮುಂದಿನ ಶೋಧವು ಸಾಧ್ಯವಾಯಿತು.

ಕೇರಳದ ಪುರಾತತ್ತ್ವ ಇಲಾಖೆಯವರು ಪರೀಕ್ಷಿಸಿ ನೋಡಿದಾಗ ಕಾಸಿನ ಸರದ ಬಿಲ್ಲೆಗಳು ಇಟಲಿಯ ವೆನಿಸ್ ನಗರದ ಡ್ಯೂಕಟ್ ನಾಣ್ಯಗಳೆಂದು ತಿಳಿದುಬಂದಿತು. ಜೊತೆಗೆ ವೀರರಾಯನ್ ಪಣಗಳಿದ್ದವು, ಕಣ್ಣೂರಿನ ಆಲಿರಾಜರ ನಾಣ್ಯಗಳಿದ್ದವು, ಫ್ರೆಂಚರ ನಾಣ್ಯಗಳೂ ಇದ್ದವು. ಇವುಗಳ ಕಾಲವು 1659ರಿಂದ 1826ರವರೆಗೆ ಹರಡಿತ್ತು.

ಇಲ್ಲಿ ತರ್ಕದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅತ್ಯಂತ ಹಳೆಯ ನಾಣ್ಯವು ಪಾತ್ರೆಯನ್ನು ಹೂತ ಕಾಲವನ್ನು ಹೇಳುವುದಿಲ್ಲ. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಒಂದು ಕಾಸು ಇರಬಹುದು. ಅದರಿಂದ ಪೆಟ್ಟಿಗೆಯು ಅಜ್ಜನ ಕಾಲದಿಂದಲೂ ಮುಚ್ಚಿಯೇ ಇದ್ದಿತೆಂದಾಗಲಿಲ್ಲ. ಕಾಲವನ್ನು ಹೇಳುವುದು ಅತ್ಯಂತ ಹೊಸ ನಾಣ್ಯ. ಅದು ಟಂಕಸಾಲೆಯಿಂದ ಹೊರಬರುವ ಮೊದಲು ಮಡಕೆಯನ್ನು ಹೂತಿರುವುದು ಅಸಾಧ್ಯ. ಆದುದರಿಂದ ಆ ಪಾತ್ರೆಯನ್ನು ಹೂತುದು 1826ಕ್ಕಿಂತ ಈಚೆಗೆ, ಎಂದರೆ ಸುಮಾರು ಇನ್ನೂರು ವರ್ಷಗಳ ಹಿಂದೆ, ಎಂಬ ತೀರ್ಮಾನಕ್ಕೆ ಬರಬಹುದು. ಒಂದು ವೇಳೆ ಆ ಹೊಸ ನಾಣ್ಯವೊಂದನ್ನು ಯಾರಾದರೂ ಜೇಬಿಗೆ ಹಾಕಿಕೊಂಡಿದ್ದರೆ ತೀರ್ಮಾನವೇ ಹಿಂದಕ್ಕೆ ಸರಿಯುತ್ತಿತ್ತು.

ಕೊರಳಿನಲ್ಲಿ ತೂಗಿದ ಸಾಕ್ಷಿಗಳು

ವೆನಿಸಿನ ನಾಣ್ಯವು ಮಲೆಯಾಳದ ಹೆಣ್ಣಿನ ಕೊರಳಿಗೆ ಬಂದುದೇಕೆ? ಮೆಣಸಿಗಾಗಿ. ಪಶ್ಚಿಮದವರಿಗೆ ನಮ್ಮ ಮೆಣಸು ಬೇಕಾಗಿತ್ತು. ನಮ್ಮವರಿಗೆ ಅವರ ಸರಕಿಗಿಂತ ಅವರ ಚಿನ್ನವೇ ಬೇಕಾಗಿತ್ತು. 1284ರಲ್ಲಿ ಮೊದಲಾದ ಡ್ಯೂಕಟ್ ನಾಣ್ಯವು 1797ರಲ್ಲಿ ವೆನಿಸಿನ ಗಣರಾಜ್ಯವು ಅಳಿಯುವ ತನಕ ತೂಕದಲ್ಲಿಯಾಗಲಿ ಶುದ್ಧತೆಯಲ್ಲಿಯಾಗಲಿ ಹೆಚ್ಚುಕಡಮೆ ಬದಲಾಗಲೇ ಇಲ್ಲ. ತೂಕ ಸುಮಾರು ಮೂರೂವರೆ ಗ್ರಾಮು. ಶುದ್ಧತೆ ನೂರಕ್ಕೆ 99ಕ್ಕೂ ಮೇಲು. ಒಂದು ಮುಖದಲ್ಲಿ ನಗರದ ಅಧಿಪತಿಯು ಸಂತ ಮಾರ್ಕನ ಮುಂದೆ ಮಂಡಿಯೂರಿರುವ ಚಿತ್ರ. ಸುತ್ತಲೂ ಆ ಅಧಿಪತಿಯ ಹೆಸರು. ಆ ಹೆಸರೇ ನಾಣ್ಯದ ಜಾತಕ. ಯಾರು ಎಂದಿನಿಂದ ಎಂದಿನವರೆಗೆ ಆಳಿದನೆಂಬುದು ತಿಳಿದಿರುವುದರಿಂದ ನಾಣ್ಯದ ಕಾಲವೂ ತಿಳಿಯುತ್ತದೆ. ಇದರ ಕೀರ್ತಿಯು ಎಷ್ಟಿತ್ತೆಂದರೆ ಒಡವೆಗಾಗಿ ನಮ್ಮ ದೇಶದ ಅಕ್ಕಸಾಲಿಗರೇ ಇದರ ಅನುಕರಣೆಗಳನ್ನು ಮಾಡುತ್ತಿದ್ದರು. ಲ್ಯಾಟಿನ್ ಬಾರದ ಕೈಯು ಕೊರೆದ ಅಕ್ಷರಗಳು ಬರಿಯ ಗೆರೆಗಳಾಗಿ ಉಳಿದಿರುವುದರಿಂದ ಅವನ್ನು ಗುರುತಿಸುವುದು ಸುಲಭ.

ನಮ್ಮ ಜಿಲ್ಲೆಯಲ್ಲಿ ಇಂದಿಗೂ ಚಿನ್ನವನ್ನು ಪವನಿನ ಲೆಕ್ಕದಲ್ಲಿ ಹೇಳುವುದು ರೂಢಿ. ಒಂದು ಪವನೆಂದರೆ ಎಂಟು ಗ್ರಾಮು. ಈ ಎಂಟು ಎಲ್ಲಿಂದ ಬಂದಿತು? 1817ರಿಂದ ಅಚ್ಚಾದ ಇಂಗ್ಲೆಂಡಿನ ಸವರನ್ ನಾಣ್ಯದ ತೂಕವು 7.988 ಗ್ರಾಮು. ಅದರ ಮೇಲೆ ಅಚ್ಚಾದ ವರ್ಷವಿರುತ್ತದೆ. ಇಂಗ್ಲೆಂಡಿನ ಹೊರಗೆ ಅಚ್ಚಾದ ನಾಣ್ಯವಾದರೆ ಟಂಕಸಾಲೆಯ ಗುರುತೂ ಇರುತ್ತದೆ. 1918ರಲ್ಲಿ ಮುಂಬಯಿಯಲ್ಲಿಯೂ ಸವರನ್ನುಗಳು ಅಚ್ಚಾಗಿದ್ದವು. ಅಜ್ಜಿಯ ಪವನಿನ ಸರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರ ಅರ್ಧ ಚರಿತ್ರೆಯನ್ನು ಅಲ್ಲಿಯೇ ಓದಬಹುದು.

ಇನ್ನೂ ಹಿಂದಕ್ಕೆ ಹೋದರೆ ತುಳುನಾಡನ್ನಾಳಿದ ಆಳುಪರ ನಾಣ್ಯಗಳಲ್ಲಿ ಜೋಡಿಮೀನಿನ ಲಾಂಛನವು ಕಾಣುತ್ತದೆ. ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣಗಳೆಂಬ ಹೆಸರುಗಳು ಶಾಸನಗಳಲ್ಲಿ ಬರುತ್ತವೆ. ವಿಜಯನಗರದ ವರಹವು ಸುಮಾರು 3.4 ಗ್ರಾಮು ತೂಗುತ್ತಿತ್ತು. ಹಣವು ಅದರ ಹತ್ತನೆಯ ಒಂದು ಪಾಲು. ಒಡವೆಯ ಬಿಲ್ಲೆಗಳ ತೂಕವನ್ನು ಇಂಥ ಅಳತೆಗಳೊಡನೆ ಹೋಲಿಸಿ ನೋಡುವುದೂ ಒಂದು ದಾರಿ.

ತೂಗಿ ನೋಡುವ ವಿದ್ಯೆ

ನಾಣ್ಯವಿಲ್ಲದ ಬಳೆ ಮಾತ್ರ ಸಿಕ್ಕಿದರೆ? ಅಕ್ಕಸಾಲಿಗನು ಒರೆಗಲ್ಲಿನ ಮೇಲೆ ಉಜ್ಜಿ ಗೆರೆಯ ಬಣ್ಣದಿಂದ ಶುದ್ಧತೆಯನ್ನು ಹೇಳುತ್ತಾನೆ. ಇದು ಪುರಾತನವಾದ, ಮೆಚ್ಚತಕ್ಕ ವಿದ್ಯೆ. ಆದರೆ ಉಜ್ಜಿದಾಗ ಒಡವೆಯು ತುಸು ಸವೆಯುತ್ತದೆ. ಸವೆಯದ ಹಾಗೆ ಪರೀಕ್ಷಿಸುವ ಮಾರ್ಗವನ್ನು ಆರ್ಕಿಮಿಡೀಸನ ಹೆಸರಿನೊಡನೆ ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಒಂದು ಬಳೆಯನ್ನು ಗಾಳಿಯಲ್ಲಿ ತೂಗಿದಾಗ 30 ಗ್ರಾಮು, ನೀರಿನಲ್ಲಿ ಮುಳುಗಿಸಿ ತೂಗಿದಾಗ 28.2 ಗ್ರಾಮು ಬಂದಿತೆನ್ನೋಣ. ಕಳೆದ ತೂಕ 1.8 ಗ್ರಾಮು. 30ನ್ನು 1.8ರಿಂದ ಭಾಗಿಸಿದರೆ ಸಾಂದ್ರತೆಯು ಸುಮಾರು 16.7. ಅಪ್ಪಟ ಚಿನ್ನದ ಸಾಂದ್ರತೆ 19.3, ಬೆಳ್ಳಿಯದು 10.5; ತಾಮ್ರದ್ದು ಸುಮಾರು 9. ಎಂದ ಮೇಲೆ ಈ ಬಳೆಯಲ್ಲಿ ಬೆರಕೆಯಿದೆ.

ಬೆರಕೆಯು ಎಷ್ಟು? ಬೆರಸಿದುದು ಬರಿಯ ಬೆಳ್ಳಿಯಾದರೆ ಚಿನ್ನವು ನೂರಕ್ಕೆ 81ರಷ್ಟು. ಬರಿಯ ತಾಮ್ರವಾದರೆ ನೂರಕ್ಕೆ 86ರಷ್ಟು. ಒಂದೇ ತೂಕಕ್ಕೆ ಎರಡು ಉತ್ತರ! ತಕ್ಕಡಿಯೊಂದೇ ಇವೆರಡರಲ್ಲಿ ಯಾವುದು ನಿಜವೆಂದು ಹೇಳಲಾರದು. ಬಳೆಯ ಒಳಗೆ ಅರಗು ತುಂಬಿದ್ದರಂತೂ ಲೆಕ್ಕವೇ ತಪ್ಪುತ್ತದೆ. ಹಳೆಯ ಪೊಳ್ಳು ಒಡವೆಗಳಲ್ಲಿ ಅರಗು ತುಂಬುವುದು ವಾಡಿಕೆಯಾಗಿತ್ತು.

ಇಲ್ಲಿಯೇ ಕ್ಷ-ಕಿರಣವು ನೆರವಾಗುತ್ತದೆ. ಒಡವೆಯ ಮೇಲೆ ಕ್ಷ-ಕಿರಣವನ್ನು ಬೀರಿದರೆ ಪರಮಾಣುಗಳ ಒಳಗಿನ ಎಲೆಕ್ಟ್ರಾನುಗಳು ಸ್ಥಾನಪಲ್ಲಟಗೊಂಡು ತಮ್ಮದೇ ಕ್ಷ-ಕಿರಣಗಳನ್ನು ಹೊರಸೂಸುತ್ತವೆ. ಒಂದೊಂದು ಧಾತುವಿಗೂ ಇದರ ಶಕ್ತಿಯು ಬೇರೆ ಬೇರೆ ಎಂಬ ನಿಯಮವನ್ನು 1913ರಲ್ಲಿ ಮೋಸ್ಲಿಯೆಂಬ ತರುಣ ವಿಜ್ಞಾನಿಯು ತೋರಿಸಿಕೊಟ್ಟನು. ಚಿನ್ನದ ಅಂಗಡಿಗಳಲ್ಲಿ ಈಗ ಕಾಣುವ ಕ್ಯಾರೆಟ್ ಮೀಟರು ಇದೇ ತತ್ತ್ವದಿಂದ ಕೆಲಸ ಮಾಡುತ್ತದೆ. ಒಂದೆರಡು ನಿಮಿಷಗಳಲ್ಲಿ ಚಿನ್ನ, ಬೆಳ್ಳಿ, ತಾಮ್ರಗಳ ಪಾಲು ತಿಳಿದುಬಿಡುತ್ತದೆ.

ಆದರೆ ಈ ಕಿರಣವು ಚಿನ್ನದಲ್ಲಿ ನೋಡುವುದು ಮೇಲ್ಮೈಯಿಂದ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಆಳವನ್ನು ಮಾತ್ರ. ಹಳೆಯ ಒಡವೆಯ ಮೇಲ್ಮೈಗೂ ಒಡಲಿಗೂ ಹೊಂದಿಕೆಯಿರುವುದಿಲ್ಲ. ನೂರಾರು ವರ್ಷ ಮಣ್ಣಿನ ತೇವದಲ್ಲಿದ್ದಾಗ ಮೇಲ್ಪದರದ ತಾಮ್ರ, ಬೆಳ್ಳಿಗಳು ಕರಗಿಹೋಗಿ ಚಿನ್ನವು ಉಳಿಯುತ್ತದೆ. ಅಕ್ಕಸಾಲಿಗನೇ ಉಪ್ಪು, ಪಟಿಕ, ಪೆಟ್ಲುಪ್ಪುಗಳಿಂದ ಬಣ್ಣ ಬರಿಸಿದ್ದರೂ ಹೀಗೆಯೇ ಆಗುತ್ತದೆ. 2009ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಷೈರಿನಲ್ಲಿ ಲೋಹಶೋಧಕದಿಂದ ನಾಲ್ಕು ಕಿಲೋಗ್ರಾಮಿಗೂ ಮಿಕ್ಕಿದ ಚಿನ್ನದ ತುಣುಕುಗಳು ದೊರೆತವು. ಅವನ್ನು ಮಾಡಿದ ಕುಶಲಿಗಳು ಮೇಲ್ಮೈಯ ಬೆಳ್ಳಿಯನ್ನು ಬೇಕೆಂದೇ ತೆಗೆದು ಬಣ್ಣವನ್ನು ಹೆಚ್ಚಿಸಿದ್ದರೆಂಬುದು ಸೂಕ್ಷ್ಮ ಪರೀಕ್ಷೆಯಿಂದ ಗೊತ್ತಾಯಿತು. ಸಾವಿರದ ಮುನ್ನೂರು ವರ್ಷಗಳ ಹಿಂದಿನ ಆ ಜಾಣತನವು ಇಂದಿನ ಯಂತ್ರವನ್ನೂ ಮೋಸಗೊಳಿಸಬಲ್ಲುದು. ಆದುದರಿಂದ ತಕ್ಕಡಿ ಮತ್ತು ಕಿರಣ ಇವೆರಡನ್ನೂ ಕೇಳಿ, ಇಬ್ಬರ ಸಾಕ್ಷ್ಯವೂ ಒಂದಾದಾಗ ಮಾತ್ರ ನಂಬಬೇಕು.

ಕೈಗೆಲಸದ ಗುರುತು

ಲೋಹವು ಹಳೆಯದಾಗಿದ್ದು ಕೆಲಸವು ಹೊಸದಾಗಿರಬಹುದು. ಇದನ್ನು ಸೂಕ್ಷ್ಮದರ್ಶಕವು ಹೊರಗೆಡಹುತ್ತದೆ. ಚಿನ್ನದ ತೆಳು ಪಟ್ಟಿಯನ್ನು ಹುರಿಮಾಡಿ ತಯಾರಿಸಿದ ತಂತಿಯ ಮೈಮೇಲೆ ತಿರುಪಿನಂಥ ಒಂದು ಗೆರೆಯು ಉಳಿದಿರುತ್ತದೆ. ಕಂಬಚ್ಚಿನ ತೂತಿನಿಂದ ಎಳೆದ ತಂತಿಯ ಮೇಲೆ ಉದ್ದಕ್ಕೂ ನೇರವಾದ ಗೀರುಗಳಿರುತ್ತವೆ.

ಬೆಸುಗೆಯೂ ಮಾತನಾಡುತ್ತದೆ. ಕೆಡಿಎಂ ಚಿನ್ನವೆಂಬ ಹೆಸರನ್ನು ವಾಚಕರು ಕೇಳಿರಬಹುದು. ಕ್ಯಾಡ್ಮಿಯಮ್ ಬೆರಸಿದ ಬೆಸುಗೆಯಿಂದಲೇ ಆ ಹೆಸರು ಬಂದಿತು. ಕ್ಯಾಡ್ಮಿಯಮ್ ಎಂಬ ಧಾತುವನ್ನು ಕಂಡುಹಿಡಿದುದು 1817ರಲ್ಲಿ. ನಾನೂರು ವರ್ಷದ ಹಳೆಯದೆಂದು ಹೇಳಲಾದ ಪದಕದ ಬೆಸುಗೆಯಲ್ಲಿ ಕ್ಯಾಡ್ಮಿಯಮ್ ಧಾರಾಳವಾಗಿ ಕಂಡುಬಂದರೆ, ಒಂದೋ ಅದು ಈಚೆಗೆ ದುರಸ್ತಿಯಾಗಿರಬೇಕು, ಇಲ್ಲವೇ ಹೇಳಿದ ಮಾತು ಸುಳ್ಳಾಗಿರಬೇಕು.

ಕೆಂಪು ಕಲ್ಲಿನ ವಿಚಾರವೂ ಹೀಗೆಯೇ. ಮಾಣಿಕ್ಯವನ್ನು ಕೃತಕವಾಗಿ ಬೆಳೆಯಿಸುವ ವಿಧಾನವನ್ನು 1902ರಲ್ಲಿ ವೆರ್ನೂಯಿ ಎಂಬ ಫ್ರೆಂಚ್ ವಿಜ್ಞಾನಿಯು ಪ್ರಕಟಿಸಿದನು. ಅಂಥ ಕಲ್ಲಿನೊಳಗೆ ಬಾಗಿದ ಗೆರೆಗಳೂ ದುಂಡಗಿನ ಗಾಳಿಗುಳ್ಳೆಗಳೂ ಕಾಣುತ್ತವೆ. ಪ್ರಕೃತಿಯ ಮಾಣಿಕ್ಯದಲ್ಲಿ ಬೆಳವಣಿಗೆಯ ಗೆರೆಗಳು ನೇರ. ಕಲ್ಲು ಮಾಣಿಕ್ಯವಾಗಿರದೆ ಗಾರ್ನೆಟ್ ಆಗಿದ್ದರೆ ಅದರ ಹುಟ್ಟೂರನ್ನೂ ಕೇಳಬಹುದು. ಪ್ಯಾರಿಸಿನ ಬಳಿಯ ಸೇಂಟ್ ಡೆನಿಸ್ ದೇವಾಲಯದಲ್ಲಿ ಸಮಾಧಿಯಾದ ಪುರಾತನ ಫ್ರಾಂಕ್ ಕುಲೀನರ ಒಡವೆಗಳಲ್ಲಿದ್ದ ಗಾರ್ನೆಟ್ಟುಗಳನ್ನು ಫ್ರೆಂಚ್ ವಿಜ್ಞಾನಿಗಳು ಪ್ರೋಟಾನುಗಳ ಕಿರಣದಿಂದ ಪರೀಕ್ಷಿಸಿದರು. ಅವುಗಳಲ್ಲಿ ಬಹಳಷ್ಟು ಭಾರತದಿಂದಲೂ ಸಿಂಹಳದಿಂದಲೂ ಹೋದವೆಂದು ಕಂಡುಬಂದಿತು. ಅತ್ತಣ ನಾಣ್ಯವು ಇತ್ತ ಬಂದಂತೆ ಇತ್ತಣ ಕಲ್ಲು ಅತ್ತ ಹೋಗಿದ್ದಿತು.

ಚಿನ್ನದ ಹುಟ್ಟೂರು

ಈಗ ಅತ್ಯಂತ ಕಠಿನವಾದ ಪ್ರಶ್ನೆಗೆ ಬರೋಣ. ಆ ಚಿನ್ನವನ್ನು ತೆಗೆದ ಗಣಿ ಯಾವುದು? ಸೀಸ, ತಾಮ್ರ, ಬೆಳ್ಳಿಗಳ ವಿಷಯದಲ್ಲಿ ಒಂದು ಉಪಾಯವಿದೆ. ಅವುಗಳಲ್ಲಿರುವ ಸೀಸವು ತೂಕದಲ್ಲಿ ಭಿನ್ನವಾದ ನಾಲ್ಕು ಬಗೆಯ ಐಸೊಟೋಪುಗಳ ಮಿಶ್ರಣ. ಅವುಗಳಲ್ಲಿ ಮೂರು, ಯುರೇನಿಯಮ್ ಮತ್ತು ಥೋರಿಯಮ್‌ಗಳು ಕ್ಷಯಿಸಿದಂತೆ ಕೋಟ್ಯಂತರ ವರ್ಷಗಳಿಂದ ಹೆಚ್ಚುತ್ತ ಬಂದಿವೆ. ಆದುದರಿಂದ ಒಂದೊಂದು ಗಣಿಯ ಅದಿರಿನಲ್ಲಿಯೂ ಅವುಗಳ ಪ್ರಮಾಣವು ಬೇರೆ. ಚಿನ್ನಕ್ಕಾದರೋ ಸ್ಥಿರವಾದ ಐಸೊಟೋಪು ಒಂದೇ, 197 ತೂಕದ್ದು. ಜಗತ್ತಿನ ಚಿನ್ನವೆಲ್ಲ ಈ ದೃಷ್ಟಿಯಿಂದ ಒಂದೇ ಜಾತಿ. ಆದುದರಿಂದ ಚಿನ್ನವನ್ನು ಕೇಳದೆ ಅದರ ಜೊತೆಗಾರರನ್ನು ಕೇಳಬೇಕಾಗುತ್ತದೆ: ಬೆಳ್ಳಿ, ತಾಮ್ರ, ತವರ, ಪ್ಲಾಟಿನಮ್ ಮುಂತಾದವು ಎಷ್ಟೆಷ್ಟಿವೆ? ಹೊಳೆಯ ಮರಳಿನಿಂದ ಜಾಲಿಸಿದ ಚಿನ್ನದಲ್ಲಿ ಕೆಲವೊಮ್ಮೆ ಆಸ್ಮಿಯಮ್, ಇರಿಡಿಯಮ್‌ಗಳ ಬಿಳಿಯ ಗಟ್ಟಿ ಕಣಗಳು ಕರಗದೆ ಹಾಗೆಯೇ ಉಳಿದಿರುತ್ತವೆ.

ಈ ವಿಧಾನವು ಫಲಿಸಿದುದಕ್ಕೆ ಜರ್ಮನಿಯ ನೆಬ್ರಾದ ತಟ್ಟೆಯು ಪ್ರಸಿದ್ಧ ನಿದರ್ಶನ. ಸೂರ್ಯ, ಚಂದ್ರ, ನಕ್ಷತ್ರಗಳನ್ನು ಚಿನ್ನದಲ್ಲಿ ಕೂರಿಸಿದ ಆ ಕಂಚಿನ ತಟ್ಟೆಯಲ್ಲಿನ ತಾಮ್ರವು ಆಸ್ಟ್ರಿಯದ ಮಿಟರ್‌ಬೆರ್ಗಿನ ಗಣಿಯದೆಂದೂ ಚಿನ್ನವು ಇಂಗ್ಲೆಂಡಿನ ಕಾರ್ನ್‌ವಾಲಿನ ಹೊಳೆಯದೆಂದೂ ವಿಜ್ಞಾನಿಗಳು ನಿರ್ಧರಿಸಿದ್ದಾರೆ.

ಕರ್ಣಾಟಕವು ಪುರಾತನ ಕಾಲದಿಂದಲೂ ಚಿನ್ನದ ನಾಡು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಪೂರ್ವಿಕರು ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಸೀಳುತ್ತ ಅರುನೂರು ಅಡಿಗೂ ಮೀರಿದ ಆಳಕ್ಕೆ ಇಳಿದಿದ್ದರು. ಅಲ್ಲಿ ಉಳಿದ ಮರದ ತುಂಡುಗಳನ್ನು ವಿಕಿರಣ ಇಂಗಾಲದಿಂದ ಪರೀಕ್ಷಿಸಿದಾಗ ಸುಮಾರು ಎರಡು ಸಾವಿರ ವರ್ಷಗಳ ಕಾಲವು ಬಂದಿತು. ಸಮೀಪದ ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು 1915ರಲ್ಲಿ ಕಂಡುಹಿಡಿದವನೂ ಬೀಡನ್ ಎಂಬ ಒಬ್ಬ ಗಣಿ ಎಂಜಿನಿಯರನೇ. ಆದರೆ ಕೇವಲ ಬೆಳ್ಳಿಯ ಪಾಲನ್ನು ನೋಡಿ ಗಣಿಯನ್ನು ಹೆಸರಿಸುವುದು ಅಪಾಯಕರ. ಮೊಹೆಂಜೊದಾರೊದ ಚಿನ್ನದಲ್ಲಿ ಬೆಳ್ಳಿಯಿರುವುದರಿಂದ ಅದು ಕೋಲಾರದಿಂದ ಹೋಗಿರಬಹುದೆಂದು 1931ರಲ್ಲಿ ಪ್ರಕಟವಾದ ವರದಿಯಲ್ಲಿ ಊಹಿಸಲಾಗಿತ್ತು. ಬೆಳ್ಳಿ ಬೆರೆತ ಚಿನ್ನವು ಬೇರೆ ಅನೇಕ ಕಡೆಗಳಲ್ಲಿಯೂ ದೊರೆಯುವುದರಿಂದ ಆ ಊಹೆಯು ಪುರಾವೆಯಾಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಕರಗಿಸುವಿಕೆ. ಅಜ್ಜಿಯ ಬಳೆಯು ಮಗಳ ಸರವಾಗಿ, ಮಗಳ ಸರವು ಮೊಮ್ಮಗಳ ಉಂಗುರವಾಗುವ ನಾಡಿನಲ್ಲಿ ಒಂದು ಒಡವೆಯೊಳಗೆ ಹತ್ತು ಗಣಿಗಳ ಚಿನ್ನವು ಸೇರಿರಬಹುದು. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನಿಗೆ ಬಂದ ಪತ್ರಗಳು ಕೈರೋ ನಗರದಲ್ಲಿ ದೊರೆತಿವೆ. ಏಡನ್ನಿನ ಗೆಳೆಯರು ತಾಮ್ರವನ್ನೂ ಒಡೆದ ಪಾತ್ರೆಗಳನ್ನೂ ಅವನಿಗೆ ಕಳುಹಿಸಿ, ಇಲ್ಲಿಯ ಕಂಚುಗಾರರಿಂದ ಹೊಸ ಪಾತ್ರೆ ಮಾಡಿಸಿ ತರಿಸಿಕೊಳ್ಳುತ್ತಿದ್ದರು. ಆ ಪಾತ್ರೆಯೊಂದು ಇಂದು ಅರಬಸ್ಥಾನದ ಮಣ್ಣಿನಲ್ಲಿ ಸಿಕ್ಕಿದರೆ ಅದನ್ನು ಎಲ್ಲಿಯದೆನ್ನೋಣ? ಲೋಹ ಒಂದು ದೇಶದ್ದು, ಕೈ ಇನ್ನೊಂದು ದೇಶದ್ದು, ಒಡೆತನ ಮೂರನೆಯ ಕಡೆಯದು. ಒಡವೆಯ ಮೂಲವೆಂದರೆ ಒಂದೇ ಮೂಲವಲ್ಲ. ಲೋಹದ ಮೂಲ, ಕೆಲಸದ ಮೂಲ, ಉಟ್ಟವರ ಮೂಲ ಎಂದು ಮೂರು ಮೂಲಗಳುಂಟು.

ಮಣ್ಣು ಹೇಳುವ ಮಾತು

ಮೊದಲೆರಡು ಮೂಲಗಳನ್ನು ಪ್ರಯೋಗಾಲಯವು ತಕ್ಕಮಟ್ಟಿಗೆ ಹೇಳಬಲ್ಲುದು. ಮೂರನೆಯದನ್ನು ಹೇಳಬಲ್ಲುದು ಒಡವೆ ಇದ್ದ ಮಣ್ಣೊಂದೇ. ಚಿನ್ನದ ವಯಸ್ಸನ್ನು ನೇರವಾಗಿ ಅಳೆಯುವುದು ಕಷ್ಟ. ಆದರೆ ಅದರೊಡನಿದ್ದ ಬಟ್ಟೆಯ ಚೂರು, ದಾರ, ಇದ್ದಿಲುಗಳ ವಯಸ್ಸನ್ನು ವಿಕಿರಣ ಇಂಗಾಲದಿಂದ ಹೇಳಬಹುದು. ಮಡಕೆಯನ್ನು ಸುಟ್ಟ ಕಾಲವನ್ನು ಅದರಿಂದ ಹೊರಡುವ ಉಷ್ಣದೀಪ್ತಿಯಿಂದ ಲೆಕ್ಕಹಾಕಬಹುದು. ಅದು ಮನೆಯ ಪಂಚಾಂಗದ ಅಡಿಯಲ್ಲಿತ್ತೇ, ದಾರಿಯ ಬದಿಯಲ್ಲಿತ್ತೇ, ಬಸದಿಯ ಅಂಗಳದಲ್ಲಿತ್ತೇ ಎಂಬುದರಿಂದ ಹೂತವರ ಸುಳಿವು ಸಿಕ್ಕಬಹುದು. ಮಡಕೆಯನ್ನು ಎಸೆದು ಚಿನ್ನವನ್ನು ಮಾತ್ರ ಎತ್ತಿಕೊಂಡವನು ಪುಸ್ತಕವನ್ನು ಎಸೆದು ರಟ್ಟನ್ನು ಇಟ್ಟುಕೊಂಡಂತೆ.

ನೆಬ್ರಾದ ತಟ್ಟೆಯ ಕಥೆಯ ಇನ್ನೊಂದು ಮುಖವೂ ಇದನ್ನೇ ಸಾರುತ್ತದೆ. 1999ರಲ್ಲಿ ಅದನ್ನು ಲೋಹಶೋಧಕದಿಂದ ಕಂಡವರು ಕಳ್ಳತನದಿಂದ ಅಗೆದು, ಅಂಚನ್ನು ಜಖಂಗೊಳಿಸಿ ಮಾರಿದರು. 2002ರಲ್ಲಿ ಪೋಲೀಸರು ಬಾಸೆಲ್ ನಗರದಲ್ಲಿ ಉಪಾಯದಿಂದ ಅದನ್ನು ವಶಪಡಿಸಿಕೊಂಡರು. ಅದರ ಜೊತೆಯಲ್ಲಿ ಸಿಕ್ಕಿತೆನ್ನಲಾದ ಕತ್ತಿಗಳು ನಿಜವಾಗಿಯೂ ಅದರ ಜೊತೆಯವೇ? ಈ ಒಂದು ಸಂದೇಹವನ್ನು ಹಿಡಿದು ತಟ್ಟೆಯ ಕಾಲದ ವಿಷಯದಲ್ಲಿ ವಿದ್ವಾಂಸರೊಳಗೆ ಸಾವಿರ ವರ್ಷದ ಅಂತರದ ವಾದವು ನಡೆದಿದೆ. ಅಗೆಯುವಾಗ ಬಲ್ಲವನೊಬ್ಬನು ಪಕ್ಕದಲ್ಲಿದ್ದರೆ ವಾದಕ್ಕೆ ಎಡೆಯೇ ಇರುತ್ತಿರಲಿಲ್ಲ. ಸ್ಟಾಫರ್ಡ್‌ಷೈರಿನಲ್ಲಾದರೋ ಕಂಡವನು ಅಧಿಕಾರಿಗಳಿಗೆ ತಿಳಿಸಿದನು. ಸಂಗ್ರಹವು ವಸ್ತುಶಾಲೆಯನ್ನು ಸೇರಿತು. ಮೂವತ್ತೆರಡು ಲಕ್ಷಕ್ಕೂ ಮೇಲ್ಪಟ್ಟ ಪೌಂಡುಗಳನ್ನು ಅವನೂ ಹೊಲದ ಒಡೆಯನೂ ಹಂಚಿಕೊಂಡರು.

ನಮ್ಮ ದೇಶದಲ್ಲಿಯೂ ಕಾನೂನು ಇಲ್ಲದಿಲ್ಲ. 1878ರ ಭಾರತೀಯ ನಿಧಿ ಕಾಯಿದೆಯ ಪ್ರಕಾರ ನೆಲದೊಳಗೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯನ್ನು ಕಂಡವನು ಕಲೆಕ್ಟರರಿಗೆ ಬರಹದಲ್ಲಿ ತಿಳಿಸಬೇಕು. ಒಡೆಯರಿಲ್ಲವೆಂದು ತೀರ್ಮಾನವಾದರೆ ಕಂಡವನಿಗೂ ನೆಲದೊಡೆಯನಿಗೂ ಪಾಲುಂಟು. ಸರಕಾರವು ಬೆಲೆ ಕೊಟ್ಟು ಅದನ್ನು ಕೊಂಡುಕೊಳ್ಳಬಹುದು. ಮುಚ್ಚಿಟ್ಟವನಿಗೆ ಪಾಲೂ ಹೋಗುತ್ತದೆ, ಶಿಕ್ಷೆಯೂ ಆಗಬಹುದು. ಕರ್ಣಾಟಕಕ್ಕೆ 1962ರ ತನ್ನದೇ ನಿಧಿ ಕಾಯಿದೆಯುಂಟು. ನೂರು ವರ್ಷ ಮೀರಿದ ಇಂಥ ವಸ್ತುಗಳನ್ನು 1972ರ ಪುರಾವಸ್ತು ಕಾಯಿದೆಯ ಪ್ರಕಾರ ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವಂತಿಲ್ಲ. ರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದಂತೂ ಅಪರಾಧ. ನಿಧಿಯಾಸೆಯಿಂದ ಹಾಳುಗುಡಿಗಳ ಪೀಠವನ್ನು ಕಿತ್ತು, ವೀರಗಲ್ಲನ್ನು ಉರುಳಿಸುವವರು ನಾಡಿನ ಎಷ್ಟೋ ಕಡೆಗಳಲ್ಲಿ ಮಾಡಿರುವ ಹಾನಿಯನ್ನು ಯಾವ ಪ್ರಯೋಗಾಲಯವೂ ಸರಿಪಡಿಸಲಾರದು.

ಆದುದರಿಂದ ತೋಟದಲ್ಲಿ ಅಗೆಯುವಾಗ ಏನಾದರೂ ಕಂಡುಬಂದರೆ ಮಾಡಬೇಕಾದುದು ಇಷ್ಟೆ. ಹಾರೆಯನ್ನು ಅಲ್ಲಿಯೇ ನಿಲ್ಲಿಸಿರಿ. ವಸ್ತುವನ್ನು ಕೀಳದೆ, ಇದ್ದಂತೆಯೇ ಅದರ ಚಿತ್ರ ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆಯ ಪಟ್ಟಿಯನ್ನು ಇಡಿರಿ. ಎಷ್ಟು ಆಳ, ಯಾವ ಮರದಿಂದ ಎಷ್ಟು ಮಾರು ದೂರ ಎಂಬುದನ್ನು ಬರೆದಿಡಿರಿ. ಹುಣಿಸೆಹಣ್ಣು ಹಚ್ಚಿ ತಿಕ್ಕಬೇಡಿರಿ. ಅಂಟಿರುವ ಮಣ್ಣೂ ಸಾಕ್ಷಿಯೇ. ಮಡಕೆಯ ಚೂರುಗಳನ್ನು ಚೆಲ್ಲಬೇಡಿರಿ. ಗ್ರಾಮ ಪಂಚಾಯತಿಗೋ ತಹಶೀಲ್ದಾರರಿಗೋ ತಿಳಿಸಿರಿ. ಅವರ ಮೂಲಕ ಜಿಲ್ಲಾಧಿಕಾರಿಗಳಿಗೂ ಪುರಾತತ್ತ್ವ ಇಲಾಖೆಗೂ ಸುದ್ದಿ ಮುಟ್ಟಲಿ.

ಹೂತಿಟ್ಟವಳ ಹೆಸರು ಬಹುಶಃ ನಮಗೆ ಎಂದಿಗೂ ತಿಳಿಯಲಾರದು. ಆದರೆ ಅವಳ ಬಳೆಯು ಕರಗದೆ ಉಳಿದರೆ, ಅವಳು ಯಾವ ಕಾಲದಲ್ಲಿದ್ದಳು, ಅವಳ ಊರಿಗೆ ಯಾವ ಸಮುದ್ರದಾಚೆಯಿಂದ ನಾಣ್ಯಗಳು ಬರುತ್ತಿದ್ದವು, ಅವಳ ಬಳೆಯನ್ನು ಮಾಡಿದ ಕೈಯು ಎಂಥ ನುರಿತ ಕೈಯಾಗಿದ್ದಿತು ಎಂಬಿಷ್ಟನ್ನಾದರೂ ಅವಳ ಊರಿನ ಮಕ್ಕಳು ಮುಂದೆ ತಿಳಿಯಬಲ್ಲರು. ಮೂಸೆಗೆ ಬಿದ್ದ ಬಳೆಯಿಂದ ದೊರೆಯುವುದು ಅದರ ತೂಕ ಮಾತ್ರ.